ಅದು ಅವರ ಡಿಪಾರ್ಟ್‌ಮೆಂಟು

ಗಂಡಸರು ಏನನ್ನಾದರೂ ಹೊತ್ತು ತಂದು ಮನೆಯ ಒಂದು ಮೂಲೆಯಲ್ಲಿ ಕೂರಿಸಿದಾಗ ನಾವು ಹೆಂಗಸರು ಆಡುವ ಮಾತೊಂದಿದೆ. ‘ಅದೆಲ್ಲ ನನಗೆ ಗೊತ್ತಾಗಲ್ಲಪ್ಪ, ಅದು ಅವರ ಡಿಪಾರ್ಟ್‌ಮೆಂಟು.’ ಬೋರ್‌ವೆಲ್ಲಿನ ಸ್ಟಾರ್ಟರಿನಿಂದ ಹಿಡಿದು ಇನ್ವರ್ಟರಿನ ಬ್ಯಾಟರಿಯವರೆಗೆ, ತೋಟಕ್ಕೆ ಹೊಡೆಯುವ ಔಷಧಿಯಿಂದ ಹಿಡಿದು ಬ್ಯಾಂಕಿನ ಕಾಗದದವರೆಗೆ ಎಲ್ಲಕ್ಕೂ ಇದೇ ಮಾತು. ಹೇಳುವಾಗ ಒಂದು ಸಣ್ಣ ನಗು ಬೇರೆ, ಗೊತ್ತಿಲ್ಲದಿರುವುದೂ ಒಂದು ಒಡವೆ ಎಂಬ ಹಾಗೆ. ನಾನೂ ಮೂವತ್ತು ವರ್ಷ ಈ ಒಡವೆ ತೊಟ್ಟು ಓಡಾಡಿದವಳೇ. 2024ರ ಬೇಸಿಗೆಯಲ್ಲಿ ಅದನ್ನು ಕಳಚಿಟ್ಟೆ. ಯಾಕೆ ಕಳಚಿಟ್ಟೆ ಎಂದು ಹೇಳುವುದಕ್ಕೇ ಈ ಬರಹ. ಓದಿ ಸಿಟ್ಟು ಬಂದರೆ ಬರಲಿ, ಓದುವುದನ್ನು ಮಾತ್ರ ಅರ್ಧಕ್ಕೆ ಬಿಡಬೇಡಿ.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಬಿ.ಎ., ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ವಿಜ್ಞಾನ ಕಲಿಸುವ ಟೀಚರು. ಈಗ ವಯಸ್ಸು ಐವತ್ತೇಳು. ಹುಟ್ಟಿದ್ದು ಕೊಡಗಿನಲ್ಲಿ, ಗೋಡೆಯ ಮೇಲೆ ಕೋವಿ ತೂಗುತ್ತಿದ್ದ ಮನೆಯಲ್ಲಿ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ದಿನ ನೇಗಿಲು, ಕತ್ತಿಗಳ ಜೊತೆಗೆ ಕೋವಿಯನ್ನೂ ಒರೆಸಿ, ತೋಕ್‌ಪೂ ಮುಡಿಸಿ, ದೀಪದ ಮುಂದೆ ಇಟ್ಟು ಕೈ ಮುಗಿಯುವುದನ್ನು ನೋಡುತ್ತಲೇ ಬೆಳೆದೆ. ಆಯುಧ ಕಾಯಿದೆಯಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದಾಗ ನಮ್ಮ ಊರಿನಲ್ಲಿ ಎಲ್ಲರೂ ಸಂತೋಷಪಟ್ಟರು, ನಾನೂ ಪಟ್ಟೆ. ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವ ಪದ್ಧತಿ ನಮ್ಮಲ್ಲಿತ್ತು. ನಾನು ಹುಟ್ಟಿದ ದಿನ ಕೋವಿ ಗೋಡೆಯ ಮೇಲೇ ಇತ್ತಂತೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಕೋವಿ ಕಂಡರೆ ಕಿರುಚುವ ಹೆಂಗಸು ಬರೆದದ್ದು ಎಂದು ನೀವು ಪುಟ ತಿರುಗಿಸಿಬಿಡಬಾರದು. ನನ್ನ ಜಗಳ ಕೋವಿಯ ಜೊತೆ ಅಲ್ಲ.

ಮಗಳು ಅಮೆರಿಕದ ಅರಿಜೋನಾದಲ್ಲಿದ್ದಾಳೆ. ಇಂಜಿನಿಯರಿಂಗ್ ಓದಿದವಳು. ಅಳಿಯ ಮೈಸೂರಿನವನು. ಅವರ ಮನೆಯಲ್ಲಿ ಕೋವಿ ಹಾಗಿರಲಿ, ಕತ್ತಿ ಇದ್ದದ್ದೂ ತರಕಾರಿಗೆ ಮಾತ್ರ. ಅಲ್ಲಿಗೆ ಹೋಗಿ, ಅಲ್ಲಿನ ಪೌರನಾಗಿ, ಜೊತೆಯವರ ಸಂಗಡ ಶನಿವಾರ ಶನಿವಾರ ಗುರಿ ಹೊಡೆಯುವ ಮೈದಾನಕ್ಕೆ ಹೋಗುವುದು ಕಲಿತ. 2020ರಲ್ಲಿ ಕೊರೋನಾ ಬಂದಾಗ ಆ ದೇಶದಲ್ಲಿ ತೋಟೆಗಳಿಗೆ ಬರ ಬಂತು, ಬೆಲೆ ಏರಿತು. ಆಗ ಇವನು ತೋಟೆಯನ್ನು ಮನೆಯಲ್ಲೇ ತಯಾರಿಸಿಕೊಳ್ಳಲು ಒಂದು ಯಂತ್ರ ತಂದು ಗ್ಯಾರೇಜಿನಲ್ಲಿ ಕೂರಿಸಿದ. ನಮ್ಮ ದೇಶದಲ್ಲಿ ಲೈಸೆನ್ಸಿಲ್ಲದೆ ತೋಟೆ ತಯಾರಿಸಿದರೆ 1959ರ ಆಯುಧ ಕಾಯಿದೆಯ ಪ್ರಕಾರ ಅಪರಾಧ. ಅಲ್ಲಿ ಹಾಗಲ್ಲ. ಮಾರಾಟಕ್ಕೆ ಮಾಡುವುದಾದರೆ ಲೈಸೆನ್ಸು ಬೇಕು, ತನ್ನ ಬಳಕೆಗೆ ಮಾಡಿಕೊಳ್ಳುವುದಕ್ಕೆ ಅಲ್ಲಿನ ಕೇಂದ್ರ ಕಾನೂನು ಲೈಸೆನ್ಸು ಕೇಳುವುದಿಲ್ಲ. ಆದ್ದರಿಂದ ಅಳಿಯ ಮಾಡಿದ್ದರಲ್ಲಿ ಕಾನೂನಿನ ತಪ್ಪೇನೂ ಇರಲಿಲ್ಲ.

2023ರಲ್ಲಿ ಬಾಣಂತನಕ್ಕೆ ಹೋಗಿದ್ದಾಗ ಆ ಗ್ಯಾರೇಜಿನ ಬಾಗಿಲ ಆಚೆಯಿಂದ ರಾತ್ರಿ ಹೊತ್ತು ಕಟಕ್, ಕಟಕ್ ಎಂದು ಸದ್ದು ಬರುತ್ತಿತ್ತು. ‘ಏನದು?’ ಎಂದೆ. ಎಣ್ಣೆಸ್ನಾನ ಮಾಡಿ ಸಾಂಬ್ರಾಣಿ ಹೊಗೆಯಲ್ಲಿ ಕೂದಲು ಹರಡಿಕೊಂಡು ಕೂತಿದ್ದ ಮಗಳು ಹೇಳಿದಳು: ‘ನನಗೇನು ಗೊತ್ತಮ್ಮ, ಅದು ಅವರ ಡಿಪಾರ್ಟ್‌ಮೆಂಟು.’ ನನ್ನ ಮಾತು ನನ್ನ ಮಗಳ ಬಾಯಲ್ಲಿ! ಆಗ ಅದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಸಂಸಾರ ಕಲಿತಿದ್ದಾಳೆ ಎಂದು ಸಮಾಧಾನವೇ ಆಯಿತು.

ಮರುವರ್ಷ ಪುಟ್ಟಿಯ ಮೊದಲ ಹುಟ್ಟುಹಬ್ಬಕ್ಕೆಂದು ಬೇಸಿಗೆ ರಜೆಯಲ್ಲಿ ಮತ್ತೆ ಹೋದೆ. ಪುಟ್ಟಿ ಆಗ ಮನೆಯೆಲ್ಲ ಅಂಬೆಗಾಲಿಡುತ್ತಿದ್ದಳು. ಸಿಕ್ಕಿದ್ದೆಲ್ಲ ಬಾಯಿಗೆ. ಒಂದು ವರ್ಷದ ತಪಾಸಣೆಯಲ್ಲಿ ಮಕ್ಕಳ ಡಾಕ್ಟರು ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡುವ ಪರೀಕ್ಷೆಯನ್ನೂ ಬರೆದರು. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಹೆಚ್ಚು ಬಂತು. ಖಾತ್ರಿಗೆಂದು ತೋಳಿನಿಂದ ತೆಗೆದು ನೋಡಿದರು. ಡೆಸಿಲೀಟರಿಗೆ 6.1 ಮೈಕ್ರೋಗ್ರಾಂ. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಎಚ್ಚರಿಕೆಯ ಗೆರೆಯನ್ನು 5ರಿಂದ 3.5ಕ್ಕೆ ಇಳಿಸಿದೆ. ಮಗುವಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲವಂತೆ.

ಸೀಸಕ್ಕೆ ವಾಸನೆಯಿಲ್ಲ. ಮಗುವಿಗೆ ಜ್ವರ ಬರುವುದಿಲ್ಲ, ಅಳುವುದಿಲ್ಲ. ಅದು ಸುಮ್ಮನೆ ಒಳಗೆ ಹೋಗಿ, ಬೆಳೆಯುತ್ತಿರುವ ಮೆದುಳಿನಲ್ಲಿ ಕೂತು, ಮುಂದೆ ಕಲಿಕೆ, ಗಮನ, ತಾಳ್ಮೆ ಇವುಗಳಿಗೆ ಕೈ ಹಾಕುತ್ತದೆ. ಇದನ್ನು ಕೇಳಿ ನನ್ನ ಕೈಕಾಲು ತಣ್ಣಗಾಯಿತು. ಮೂವತ್ತು ವರ್ಷ ಕೊನೆಯ ಬೆಂಚಿನ ಮಕ್ಕಳಿಗೆ ‘ಗಮನ ಎಲ್ಲಿದೆ ನಿನ್ನದು?’ ಎಂದು ಡಸ್ಟರು ಕುಟ್ಟಿದವಳು ನಾನು. ಅವರಲ್ಲಿ ಎಷ್ಟು ಮಕ್ಕಳ ಮನೆಯಲ್ಲಿ ಏನೇನಿತ್ತೋ, ಒಂದು ದಿನವಾದರೂ ಕೇಳಿದೆನೆ?

ಸೀಸ ಎಲ್ಲಿಂದ ಬಂತು? ಮೊದಲ ಅನುಮಾನ ಬಂದದ್ದು ನನ್ನ ಸೂಟ್‌ಕೇಸಿನ ಮೇಲೆ. ನಾನು ತಂದ ಅರಿಶಿನದ ಪುಡಿ, ಪುಟ್ಟಿಯ ಕಣ್ಣಿಗೆ ಹಚ್ಚಿದ ಕಾಡಿಗೆ, ಅಜೀರ್ಣಕ್ಕೆಂದು ಕಟ್ಟಿಕೊಂಡು ಹೋಗಿದ್ದ ಗುಳಿಗೆ. ಅಳಿಯ ಮೂರನ್ನೂ ಒಂದು ಚೀಲಕ್ಕೆ ಹಾಕಿ ಗಂಟು ಕಟ್ಟಿಟ್ಟ. ನನಗೆ ಅವಮಾನವಾಯಿತು, ನಿಜ. ಆದರೆ ಅವನು ಮಾಡಿದ್ದು ಸರಿಯೇ. ಬಣ್ಣ ಬರಲೆಂದು ಅರಿಶಿನಕ್ಕೆ ಸೀಸದ ಕ್ರೋಮೇಟ್ ಬೆರೆಸುವವರಿದ್ದಾರೆ, ಕೆಲವು ಕಾಡಿಗೆಗಳಲ್ಲೂ ಸೀಸ ಇರುತ್ತದೆ. ಅಜ್ಜಿ ತಂದದ್ದು ಎಂದು ವಿಷ ಅಮೃತವಾಗುವುದಿಲ್ಲ. ‘ಪರೀಕ್ಷೆಗೆ ಕಳಿಸಪ್ಪ’ ಎಂದೆ. ಮೂರರಲ್ಲೂ ಏನೂ ಸಿಗಲಿಲ್ಲ.

ಆಮೇಲೆ ನಾನು ಮಗಳನ್ನು ಕೇಳಿದೆ: ‘ಡಾಕ್ಟರ ಹತ್ತಿರ ಒಂದು ಫಾರಂ ತುಂಬಿದೆಯಲ್ಲ, ಅದರ ನಕಲು ಎಲ್ಲಿ?’ ಅದರಲ್ಲಿ ಹಳೆಯ ಮನೆಯೇ, ಗೋಡೆಯ ಬಣ್ಣ ಉದುರುತ್ತಿದೆಯೇ ಎಂಬ ಪ್ರಶ್ನೆಗಳ ಕೆಳಗೆ ಇನ್ನೊಂದಿತ್ತು. ಮನೆಯಲ್ಲಿ ಯಾರಿಗಾದರೂ ಸೀಸದ ಸಂಪರ್ಕ ಬರುವ ಕೆಲಸ ಅಥವಾ ಹವ್ಯಾಸ ಇದೆಯೇ? ಉದಾಹರಣೆಗೆ, ಗುರಿ ಹೊಡೆಯುವುದು, ತೋಟೆ ತುಂಬುವುದು. ಮಗಳು ‘ಇಲ್ಲ’ ಎಂಬಲ್ಲಿ ಗುರುತು ಹಾಕಿದ್ದಳು.

ಸುಳ್ಳು ಹೇಳುವ ಹುಡುಗಿಯಲ್ಲ ಅವಳು. ಗೊತ್ತಿಲ್ಲದ್ದಕ್ಕೂ ಇಲ್ಲದ್ದಕ್ಕೂ ಅವಳಿಗೆ ವ್ಯತ್ಯಾಸ ತಿಳಿಯಲಿಲ್ಲ, ಅಷ್ಟೆ. ಪರೀಕ್ಷೆಯಲ್ಲಿ ಪ್ರಶ್ನೆ ಅರ್ಥವಾಗದಿದ್ದರೆ ಹುಡುಗರು ಏನೋ ಒಂದಕ್ಕೆ ಟಿಕ್ ಹಾಕಿ ಮುಂದೆ ಹೋಗುತ್ತಾರಲ್ಲ, ಹಾಗೆ. ಆದರೆ ಈ ಪರೀಕ್ಷೆಯಲ್ಲಿ ಅಂಕ ಹೋದದ್ದು ಅವಳದಲ್ಲ, ಕೂಸಿನದು.

ಅಂದು ರಾತ್ರಿ ನಾನು ಗ್ಯಾರೇಜಿನ ಬಾಗಿಲು ತಟ್ಟಿದೆ. ‘ಏನಪ್ಪ ಇದು, ನನಗೆ ಪಾಠ ಹೇಳು’ ಎಂದೆ. ಅಳಿಯನಿಗೆ ಸಂಕೋಚ. ‘ನಿಮಗೆ ಬೋರಾಗುತ್ತೆ ಅತ್ತೆ’ ಎಂದ. ಮೂವತ್ತು ವರ್ಷ ಕೈಗಾರಿಕಾ ಕ್ರಾಂತಿ ಪಾಠ ಮಾಡಿದವಳಿಗೆ ಬೋರು ಯಾವ ಲೆಕ್ಕ? ಒಂದು ಸ್ಟೂಲು ಎಳೆದುಕೊಂಡು ಕೂತೆ.

ಪ್ರೋಗ್ರೆಸಿವ್ ರೀಲೋಡಿಂಗ್ ಪ್ರೆಸ್ ಎಂದು ಅದರ ಹೆಸರು. ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಚಿಪ್ಪನ್ನು ಬಿಸಾಡದೆ ಮತ್ತೆ ತುಂಬುವ ಯಂತ್ರ. ಒಂದು ತೋಟೆಗೆ ನಾಲ್ಕು ಅಂಗ: ಹಿತ್ತಾಳೆ ಚಿಪ್ಪು, ಅದರ ಬುಡದಲ್ಲಿ ಕೂರುವ ಉದ್ದಿನ ಕಾಳಿನಷ್ಟು ದೊಡ್ಡ ಪ್ರೈಮರ್, ಒಳಗೆ ಮದ್ದು, ಬಾಯಿಯಲ್ಲಿ ಗುಂಡು. ಕೋವಿಯ ಸೂಜಿ ಬಡಿದಾಗ ಕಿಡಿ ಕೊಡುವುದು ಪ್ರೈಮರ್. ಸಾಮಾನ್ಯವಾಗಿ ಬಳಸುವ ಪ್ರೈಮರಿನ ಒಳಗಿರುವುದು ಸೀಸದ ಸಂಯುಕ್ತ. ಅದು ಸುಟ್ಟ ಮೇಲೆ ಉಳಿಯುವ ಮಸಿ ಚಿಪ್ಪಿನ ಒಳಗೇ ಅಂಟಿಕೊಂಡಿರುತ್ತದೆ.

ಹಳೆಯ ಬಗೆಯ ಪ್ರೆಸ್ಸಿನಲ್ಲಿ ಹಿಡಿಯನ್ನು ಒಮ್ಮೆ ಎಳೆದರೆ ಒಂದು ಕೆಲಸ ಮಾತ್ರ. ನಮ್ಮ ನೂಪುಟ್ಟಿನ ಒರಳಿನ ಹಾಗೆ. ಇದು ಅದರ ಮರಿಮಗಳು. ನಡುವೆ ಒಂದು ತಿರುಗುವ ತಟ್ಟೆ, ತಟ್ಟೆಯ ಸುತ್ತ ಐದು ಸ್ಟೇಷನ್ನು. ಮೊದಲನೆಯದರಲ್ಲಿ ಉಬ್ಬಿದ ಚಿಪ್ಪನ್ನು ಅಳತೆಗೆ ತಂದು ಹಳೆಯ ಪ್ರೈಮರನ್ನು ಕಳಚುತ್ತದೆ, ಹಿಡಿ ಹಿಂದಕ್ಕೆ ಹೋಗುವಾಗ ಹೊಸದನ್ನು ಕೂರಿಸುತ್ತದೆ. ಎರಡನೆಯದರಲ್ಲಿ ಚಿಪ್ಪಿನ ಬಾಯಿ ಅಗಲ ಮಾಡಿ ಮದ್ದು ಸುರಿಯುತ್ತದೆ. ಮೂರನೆಯದು ಮದ್ದಿನ ಮಟ್ಟ ನೋಡುವ ಜಾಗ. ನಾಲ್ಕರಲ್ಲಿ ಗುಂಡು ಕೂರುತ್ತದೆ, ಐದರಲ್ಲಿ ಬಾಯಿ ಬಿಗಿಯುತ್ತದೆ. ಐದು ಚಿಪ್ಪಿಗೂ ಒಟ್ಟಿಗೇ ಕೆಲಸ. ಒಂದು ಎಳೆತಕ್ಕೆ ಒಂದು ತೋಟೆ ಡಬ್ಬಿಗೆ ಬೀಳುತ್ತದೆ.

ನೋಡುವುದಕ್ಕೆ ಚೆಂದವೇ. ಆದರೆ ಆ ವೇಳೆಗೆ ಒಂದು ತಿಂಗಳಿಂದ ಅದು ಕೆಟ್ಟು ಕೂತಿತ್ತು. ಪೂರ್ತಿ ಕೆಟ್ಟಿದ್ದರೆ ಒಳ್ಳೆಯದಿತ್ತು. ಇದು ಹತ್ತಕ್ಕೆ ಒಂಬತ್ತು ಸರಿ ಮಾಡಿ ಹತ್ತನೆಯದರಲ್ಲಿ ಕೈ ಕೊಡುತ್ತಿತ್ತು. ಒಮ್ಮೆ ಪ್ರೈಮರ್ ಅಡ್ಡ ಕೂರುವುದು, ಒಮ್ಮೆ ಪೂರ್ತಿ ಇಳಿಯದೆ ಉಬ್ಬಿ ನಿಲ್ಲುವುದು, ಒಮ್ಮೆ ಬರುವುದೇ ಇಲ್ಲ. ಬಾರದಿದ್ದಾಗ ಮುಂದಿನ ಸ್ಟೇಷನ್ನಿನಲ್ಲಿ ಸುರಿದ ಮದ್ದು ಬುಡದ ತೂತಿನಿಂದ ಸೋರಿ ತಟ್ಟೆಯ ಕೆಳಗೆ ಹೋಗುವುದು. ಆ ಕಾಳು ಅಲ್ಲಿ ಸಿಕ್ಕಿ ಮುಂದಿನ ಪ್ರೈಮರ್ ಸರಿಯಾಗಿ ಕೂರದೆ ಹೋಗುವುದು. ಒಂದು ತಪ್ಪು ಇನ್ನೊಂದನ್ನು ಹೆರುತ್ತಿತ್ತು. ಅಳಿಯ ಸ್ಪ್ರಿಂಗು ಬದಲಿಸಿದ್ದ, ಪ್ರೈಮರ್ ತರುವ ಪಟ್ಟಿ ಬದಲಿಸಿದ್ದ, ಮೂರನೆಯ ಒಂದು ಬಿಡಿಭಾಗಕ್ಕೂ ದುಡ್ಡು ಕಟ್ಟಿದ್ದ. ಯಾವುದೂ ಹಿಡಿಸಲಿಲ್ಲ. ಹಿಡಿ ಬಿಗಿಯಾದಾಗ ಜೋರಾಗಿ ಒತ್ತುತ್ತಿದ್ದ. ಬಡಿದರೆ ಕಿಡಿ ಕೊಡಲೆಂದೇ ಮಾಡಿದ ವಸ್ತುವನ್ನು ಜೋರಾಗಿ ಒತ್ತುವುದು ಎಂದರೇನು, ನೀವೇ ಹೇಳಿ.

ಆ ಶನಿವಾರ ಅವನು ಮೈದಾನದಿಂದ ಬೇಗ ಬಂದ. ಮುಖದಲ್ಲಿ ರಕ್ತವಿರಲಿಲ್ಲ. ಒಂದು ತೋಟೆ ಢಂ ಎನ್ನದೆ ಫುಸ್ ಎಂದಿತ್ತಂತೆ. ಅದರಲ್ಲಿ ಮದ್ದೇ ಇರಲಿಲ್ಲ. ಪ್ರೈಮರಿನ ಬಲಕ್ಕೆ ಗುಂಡು ಚಿಪ್ಪು ಬಿಟ್ಟು ನಳಿಗೆಯ ಮಧ್ಯೆ ಹೋಗಿ ಸಿಕ್ಕಿಕೊಂಡಿತ್ತು. ಇವನು ಅಭ್ಯಾಸಬಲದಿಂದ ಮತ್ತೊಂದು ಹಾರಿಸಲು ಹೊರಟಿದ್ದ. ಪಕ್ಕದಲ್ಲಿದ್ದವರು ಕೂಗಿ ನಿಲ್ಲಿಸಿದರು. ಹಾರಿಸಿದ್ದರೆ ಹಿಂದಿನ ಗುಂಡಿಗೆ ಮುಂದಿನದು ಬಡಿದು ನಳಿಗೆ ಅವನ ಕೈಯಲ್ಲೇ ಸಿಡಿಯಬಹುದಿತ್ತು. ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ಕೇಳಿದಳು. ಮೊದಲ ಸಲ ಅವಳು ‘ಡಿಪಾರ್ಟ್‌ಮೆಂಟು’ ಎನ್ನಲಿಲ್ಲ. ‘ಹೇಗಾಯಿತು?’ ಎಂದಳು.

ಇದೇ ಪ್ರಶ್ನೆಯನ್ನು ಮನೆಯ ಹೆಂಗಸು ಒಂದು ವರ್ಷ ಮೊದಲೇ ಕೇಳಬಾರದಿತ್ತೇ?

ಮರುದಿನ ನಾವು ಮೂವರೂ ಗ್ಯಾರೇಜಿನಲ್ಲಿ ಕೂತೆವು. ಪುಟ್ಟಿ ಒಳಗೆ ಮಲಗಿದ್ದಳು. ನನಗೆ ಯಂತ್ರ ಗೊತ್ತಿಲ್ಲ. ಆದರೆ ಭಾಗಾಕಾರ ತಪ್ಪು ಮಾಡುವ ಹುಡುಗನ ತಪ್ಪು ಹುಡುಕುವುದು ಗೊತ್ತು. ಉತ್ತರ ನೋಡಬಾರದು, ಹೆಜ್ಜೆ ನೋಡಬೇಕು. ‘ಮದ್ದು ಇಳಿಸಿಬಿಡು, ಪ್ರೈಮರ್ ತೆಗೆದಿಡು. ಒಂದೇ ಒಂದು ಚಿಪ್ಪು ಇಟ್ಟು ಮೆಲ್ಲಗೆ ಎಳೆ. ಅದನ್ನು ಐದು ಮನೆ ಸುತ್ತಿಸು’ ಎಂದೆ. ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಒಂದೇ ಚಿಪ್ಪು ಇದ್ದಾಗ ಎಲ್ಲ ನುಣುಪಾಗಿ ನಡೆಯಿತು. ಎರಡು ಇಟ್ಟಾಗಲೂ ನಡೆಯಿತು. ಐದೂ ತುಂಬಿದಾಗ ತಟ್ಟೆ ಒಂದು ಕಡೆಗೆ ಕೂದಲೆಳೆಯಷ್ಟು ವಾಲುವುದು ಮಗಳ ಕಣ್ಣಿಗೆ ಬಿತ್ತು. ಅವಳು ಓದಿದ್ದೇ ಮೆಕ್ಯಾನಿಕಲ್, ನೆನಪಿರಲಿ! ತಟ್ಟೆಯನ್ನು ಹಿಡಿದಿರುವ ನಡುವಿನ ಬೋಲ್ಟು ಸಡಿಲವಾಗಿತ್ತು. ತಟ್ಟೆ ವಾಲಿದರೆ ಪ್ರೈಮರ್ ನೆಟ್ಟಗೆ ಕೂರುವುದು ಹೇಗೆ? ಬಿಚ್ಚಿ, ಕೆಳಗಿದ್ದ ಮಸಿಯನ್ನೂ ಸೋರಿದ ಮದ್ದಿನ ಕಾಳನ್ನೂ ಒರೆಸಿ, ಒಂದು ಅಲೆನ್ ಕೀಲಿಯಿಂದ ಬಿಗಿದು, ಅದು ಮತ್ತೆ ತಿರುಗದಂತೆ ಪಕ್ಕದ ಸಣ್ಣ ಸ್ಕ್ರೂ ಹಾಕಿದ. ಅಷ್ಟೇ ಕೆಲಸ. ದುಡ್ಡು ಕೊಟ್ಟು ತಂದ ಮೂರು ಬಿಡಿಭಾಗಗಳು ಮೇಜಿನ ಮೇಲೆ ನಮ್ಮನ್ನು ನೋಡುತ್ತಾ ಕೂತಿದ್ದವು.

ಆದರೂ ಉಳಿದದ್ದೊಂದಿತ್ತು. ಕೆಲವು ಚಿಪ್ಪುಗಳು ಮಾತ್ರ ಆಗಲೂ ಬಿಗಿಯುತ್ತಿದ್ದವು. ಅವನ್ನು ಬೇರೆ ಇಟ್ಟು ಬುಡ ನೋಡಿದರೆ ಪ್ರೈಮರ್ ಕೂರುವ ಗುಂಡಿಯ ಸುತ್ತ ಒತ್ತಿದ ಒಂದು ಉಂಗುರ. ಸೈನ್ಯಕ್ಕೆಂದು ಮಾಡಿದ ಚಿಪ್ಪುಗಳಲ್ಲಿ ಪ್ರೈಮರ್ ಕಳಚದಿರಲೆಂದು ಹಾಗೆ ಒತ್ತಿರುತ್ತಾರೆ, ಅದನ್ನು ಬಿಡಿಸದೆ ಹೊಸದು ಹೋಗದು. ಮೈದಾನದಲ್ಲಿ ಸಿಕ್ಕಿದ್ದೆಲ್ಲ ಗುಡಿಸಿ ತಂದು ಒಂದೇ ಬಕೆಟ್ಟಿಗೆ ಸುರಿದದ್ದರ ಫಲ. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸವನ್ನು ಯಂತ್ರ ಮಾಡುತ್ತದೆಯೇ?

ಮತ್ತೆ ಆ ಫುಸ್ ಎಂದ ತೋಟೆ? ಅದಕ್ಕೆ ಯಂತ್ರದ ದೋಷವೇ ಬೇಕಿರಲಿಲ್ಲ. ಪ್ರೈಮರ್ ಸಿಕ್ಕಿಕೊಂಡಾಗ ಅಳಿಯ ಹಿಡಿಯನ್ನು ಅರ್ಧಕ್ಕೆ ನಿಲ್ಲಿಸಿ, ಆ ಚಿಪ್ಪನ್ನು ಕೈಯಿಂದ ಕಿತ್ತು, ಸರಿ ಮಾಡಿ, ಖಾಲಿ ಕಂಡ ಜಾಗಕ್ಕೆ ತೂರಿಸಿ ಮುಂದುವರಿಸುತ್ತಿದ್ದ. ಆ ಜಾಗ ಮದ್ದಿನ ಸ್ಟೇಷನ್ನು ದಾಟಿತ್ತು. ಚಿಪ್ಪು ಮದ್ದಿಲ್ಲದೆಯೇ ಗುಂಡು ತೊಟ್ಟು ಹೊರಬಂತು. ಇದರ ತಿರುಗುಮುರುಗೂ ಆಗಬಹುದು. ಹಿಂದಕ್ಕೆ ಇಟ್ಟರೆ ಎರಡು ಸಲ ಮದ್ದು ಬೀಳಬಹುದು. ಪಿಸ್ತೂಲಿನ ಎಷ್ಟೋ ತೋಟೆಗಳಲ್ಲಿ ಮದ್ದು ಚಿಪ್ಪಿನ ಅರ್ಧಕ್ಕೂ ಬರುವುದಿಲ್ಲ, ಎರಡು ಪಾಲು ಬಿದ್ದರೂ ಹೊರಗೆ ಚೆಲ್ಲದೆ ಒಳಗೇ ಅಡಗುತ್ತದೆ. ಅದು ಇನ್ನೂ ಭಯಂಕರ. ಈ ಕಸುಬು ಬಲ್ಲವರ ನಿಯಮ ಸರಳ: ಮಧ್ಯೆ ನಿಂತರೆ ತಟ್ಟೆಯ ಮೇಲಿನ ಎಲ್ಲ ಚಿಪ್ಪನ್ನೂ ತೆಗೆ, ಮದ್ದನ್ನು ಡಬ್ಬಿಗೆ ವಾಪಸು ಸುರಿ, ಮೊದಲನೆಯ ಮನೆಯಿಂದ ಶುರು ಮಾಡು. ಗುಂಡು ಇಡುವ ಮೊದಲು ಪ್ರತಿ ಚಿಪ್ಪಿನ ಒಳಗೂ ದೀಪದ ಬೆಳಕಲ್ಲಿ ಕಣ್ಣು ಹಾಯಿಸು. ಆಗಾಗ ತಕ್ಕಡಿಯಲ್ಲಿ ತೂಗಿ ನೋಡು. ಮೇಜಿನ ಮೇಲೆ ಒಂದೇ ಬಗೆಯ ಮದ್ದು ಇರಲಿ. ಫೋನು ಒಳಗಿರಲಿ.

‘ಇದೆಲ್ಲ ಮಾಡಿದರೆ ಸ್ಪೀಡು ಹೋಗುತ್ತೆ ಅತ್ತೆ’ ಎಂದ ಅಳಿಯ. ಇಲ್ಲಿಯೇ ನನಗೆ ಸಿಟ್ಟು ಬಂತು. ಸ್ಪೀಡು ಯಾರಿಗೆ ಬೇಕು? ವಾರಕ್ಕೊಮ್ಮೆ ಕಾಗದದ ಗುರಿಗೆ ಹೊಡೆಯುವವನಿಗೆ ಯಾವ ಯುದ್ಧ ತಪ್ಪಿಹೋಗುತ್ತದೆ? ಒಂದು ಎಳೆತಕ್ಕೆ ಐದು ಕೆಲಸ ಮಾಡುವ ಯಂತ್ರ ಐದು ಪಟ್ಟು ಗಮನ ಕೇಳುತ್ತದೆ. ನಾವು ಯಂತ್ರ ತರುವಾಗ ಗಮನ ಉಳಿಯಿತು ಎಂದುಕೊಳ್ಳುತ್ತೇವೆ. ಕುಕ್ಕರು ತಂದಾಗಲೂ ಹೀಗೆಯೇ ಅಂದುಕೊಂಡೆವು, ಸೀಟಿ ಎಣಿಸುವ ಕೆಲಸ ಉಳಿದೇ ಇತ್ತು.

ಈಗ ಸೀಸಕ್ಕೆ ಬರೋಣ. ಖಾಲಿ ಚಿಪ್ಪುಗಳನ್ನು ಹೊಳಪು ಮಾಡಲು ಒಂದು ಅಲುಗಾಡುವ ಬಟ್ಟಲು. ಅದರಲ್ಲಿ ಅಕ್ರೋಟಿನ ಚಿಪ್ಪಿನ ತರಿ ಹಾಕಿ ಗಂಟೆಗಟ್ಟಲೆ ತಿರುಗಿಸುತ್ತಿದ್ದ. ಪ್ರೈಮರಿನ ಮಸಿಯೆಲ್ಲ ಆ ತರಿಗೆ ಹತ್ತಿ, ಸೋಸುವಾಗ ಧೂಳಾಗಿ ಏಳುತ್ತಿತ್ತು. ಸೋಸುತ್ತಿದ್ದದ್ದು ಎಲ್ಲಿ? ಮನೆಯೊಳಗೆ ಬರುವ ಬಾಗಿಲ ಪಕ್ಕದಲ್ಲಿ. ಬಟ್ಟೆ ಒಗೆಯುವ ಮೆಷಿನ್ನು ಎಲ್ಲಿತ್ತು? ಅದರ ಎದುರಿಗೆ. ಅವನ ಅಂಗಿ ಪುಟ್ಟಿಯ ಲಂಗದ ಜೊತೆ ಒಂದೇ ನೀರಿನಲ್ಲಿ ಮುಳುಗುತ್ತಿತ್ತು. ಅವನ ಶೂ ತುಳಿದ ಕಾರ್ಪೆಟ್ಟಿನ ಮೇಲೆ ಪುಟ್ಟಿ ಅಂಬೆಗಾಲಿಟ್ಟು, ಆ ಕೈಯನ್ನೇ ಚೀಪುತ್ತಿದ್ದಳು. ಇದನ್ನು ಕಂಡುಹಿಡಿಯಲು ವಿಜ್ಞಾನಿ ಬೇಕಿರಲಿಲ್ಲ. ಬಾಗಿಲು ತೆರೆದು ಒಳಗೆ ನೋಡುವ ಒಬ್ಬ ಹೆಂಗಸು ಬೇಕಿತ್ತು.

ಡಾಕ್ಟರ ಮಾತಿನಂತೆ ಎಲ್ಲ ಬದಲಾಯಿತು. ಕಾರ್ಪೆಟ್ಟು ಹೊರಗೆ ಹೋಯಿತು. ಒಣ ಪೊರಕೆ ಬಂದ್, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಸಣ್ಣ ಧೂಳು ಹಿಡಿಯುವ ಫಿಲ್ಟರಿನ ವ್ಯಾಕ್ಯೂಮು. ಚಿಪ್ಪು ತೊಳೆಯುವುದು ಇನ್ನು ನೀರಿನಲ್ಲಿ, ಕೈಗವಸು ತೊಟ್ಟು. ಗ್ಯಾರೇಜಿಗೆ ಬೇರೆ ಅಂಗಿ, ಬೇರೆ ಚಪ್ಪಲಿ, ಅವುಗಳಿಗೆ ಬೇರೆ ಒಗೆತ. ಕೈ ಮುಖ ಸೋಪು ಹಾಕಿ ತೊಳೆಯದೆ ಮಗುವನ್ನು ಮುಟ್ಟುವಂತಿಲ್ಲ. ಮಗುವಿಗೆ ಕಬ್ಬಿಣ, ಸುಣ್ಣದ ಅಂಶ ಚೆನ್ನಾಗಿ ಸಿಕ್ಕರೆ ಸೀಸ ಮೈಗೆ ಹತ್ತುವುದು ಕಡಿಮೆಯಂತೆ. ಅದಕ್ಕೆ ನಾನು ರಾಗಿ ಸರಿ ಕಾಯಿಸಿದೆ.

ಇದನ್ನು ಊರಿಗೆ ಬಂದು ಹೇಳಿದಾಗ ಗೆಳತಿಯರು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ‘ಅಳಿಯನ ಮನೆಯಲ್ಲಿ ಅತ್ತೆಗೇಕೆ ಅಧಿಕಪ್ರಸಂಗ?’ ಎಂದರು. ಮಗು ಉಂಡ ಬಟ್ಟಲು ತೊಳೆಯಲು, ಒದ್ದೆ ಮಾಡಿದ ಬಟ್ಟೆ ಒಗೆಯಲು ಅತ್ತೆ ಬೇಕು, ಆ ಬಟ್ಟೆಯಲ್ಲಿ ಏನಿದೆ ಎಂದು ಕೇಳಲು ಬೇಡವೇ? ‘ವಾರವೆಲ್ಲ ದುಡಿಯುವ ಗಂಡಸಿಗೆ ಒಂದು ಹವ್ಯಾಸ ಬೇಡವೇ?’ ಎಂದರು. ಬೇಕು. ನಾನು ಆ ಯಂತ್ರ ಮಾರು ಎಂದಿಲ್ಲ. ಈಗಲೂ ಅದು ಅಲ್ಲೇ ಇದೆ. ‘ನಿಮ್ಮ ಕೊಡಗಿನಲ್ಲೇ ಕೋವಿ ಇಲ್ಲವೇ?’ ಎಂದರು. ಇದೆ. ಅದಕ್ಕೇ ಹೇಳುತ್ತಿದ್ದೇನೆ. ಪೂಜೆ ಮಾಡುವ ವಸ್ತುವನ್ನು ಅರಿಯುವುದೂ ಪೂಜೆಯೇ. ಕೊನೆಯದಾಗಿ ಒಬ್ಬಾಕೆ, ಆಕೆಯೂ ಟೀಚರೇ, ಅಂದಳು: ‘ಎಲ್ಲ ನಾವೇ ತಿಳಿದುಕೊಂಡರೆ ಗಂಡಸರು ಎಲ್ಲ ನಮ್ಮ ತಲೆಗೇ ಕಟ್ಟುತ್ತಾರೆ.’

ಈ ಮಾತಿಗೆ ತೂಕವಿದೆ. ತಿಳಿದವಳ ಮೇಲೆ ಕೆಲಸ ಬೀಳುತ್ತದೆ, ಅದು ನಮ್ಮ ಅನುಭವ. ಆದರೆ ತಿಳಿಯದವಳ ಮೇಲೆ ಕೆಲಸ ಬೀಳುವುದಿಲ್ಲವೇ? ತೋಟಕ್ಕೆ ಔಷಧಿ ಹೊಡೆದು ಬಂದ ಗಂಡನ ಅಂಗಿಯನ್ನು ಒಗೆಯುವವರು ಯಾರು? ಆ ಡಬ್ಬಿಯ ಮೇಲಿನ ಚೀಟಿ ಓದಿದವರು ನಮ್ಮಲ್ಲಿ ಎಷ್ಟು ಜನ? ಅಂಗಿಯನ್ನು ಬೇರೆ ಒಗೆಯಬೇಕೆಂದು, ಖಾಲಿ ಡಬ್ಬಿಯಲ್ಲಿ ಸೀಮೆಎಣ್ಣೆಯನ್ನೂ ತುಂಬಿಡಬಾರದೆಂದು ಗೊತ್ತಿದ್ದವರು ಎಷ್ಟು ಜನ? ಡಿಪಾರ್ಟ್‌ಮೆಂಟು ಅವರದು, ಕೊಳೆ ನಮ್ಮದು. ಹಿಡಿ ಎಳೆಯುವವರು ಅವರು, ನೆಲ ಒರೆಸುವವರು ನಾವು. ಈ ಹಂಚಿಕೆಯಲ್ಲಿ ಯಂತ್ರದ ಧೂಳಿಗೆ ಮೊದಲು ಸಿಗುವುದು ನೆಲದ ಮೇಲಿನ ಕೂಸು, ಆಮೇಲೆ ನೆಲ ಒರೆಸುವವಳು. ಆದ್ದರಿಂದ ಮನೆಯೊಳಗೆ ಬರುವ ಯಾವ ಯಂತ್ರದ, ಯಾವ ಡಬ್ಬಿಯ ಕೈಪಿಡಿಯೇ ಆಗಲಿ, ಮೊದಲು ಹೆಂಗಸು ಓದಬೇಕು. ಅರ್ಥವಾಗದಿದ್ದರೆ ಕೇಳಬೇಕು. ಕೇಳಿದ್ದಕ್ಕೆ ನಕ್ಕರೆ ಮತ್ತೊಮ್ಮೆ ಕೇಳಬೇಕು.

ಮೂರು ತಿಂಗಳ ಮೇಲೆ ಪುಟ್ಟಿಯ ರಕ್ತ ಮತ್ತೆ ನೋಡಿದಾಗ 4.2ಕ್ಕೆ ಇಳಿದಿತ್ತು. ಆಮೇಲಿನ ಸಲ ಮೂರಕ್ಕಿಂತ ಕಡಿಮೆ. ಒಳಗೆ ಹೋದದ್ದು ಏನು ಮಾಡಿತೋ, ಏನೂ ಮಾಡಲಿಲ್ಲವೋ, ಅವಳು ಸ್ಲೇಟು ಹಿಡಿಯುವ ದಿನದವರೆಗೆ ನಾನು ಕಾಯಬೇಕು. ಮಗಳು ಈಗ ಆ ಪ್ರೆಸ್ಸಿನ ಪಕ್ಕದಲ್ಲಿ ನೋಟ್‌ಬುಕ್ಕು ನೇತುಹಾಕಿದ್ದಾಳೆ. ಎಷ್ಟು ಮಾಡಿದೆ, ಎಲ್ಲಿ ನಿಂತಿತು, ತಟ್ಟೆ ಖಾಲಿ ಮಾಡಿದೆಯಾ ಎಂದು ಅಳಿಯ ಬರೆಯಬೇಕು, ಅವಳು ಸಹಿ ಹಾಕಬೇಕು. ‘ಸ್ಕೂಲಿನ ಹಾಗಾಯಿತು’ ಎಂದು ಅವನು ಫೋನಿನಲ್ಲಿ ಗೊಣಗಿದ. ಆಗಲಿ.

ಇಷ್ಟೆಲ್ಲ ಅಮೆರಿಕದ ಗ್ಯಾರೇಜಿನ ಬಗ್ಗೆ ಬರೆದ ಮೇಲೆ ನನ್ನ ಮನೆ ನೋಡದಿದ್ದರೆ ತಪ್ಪಾಗುತ್ತದೆ. ಆ ವರ್ಷದ ಕೈಲ್‌ಪೊಳ್ದ್‌ಗೆ ತವರಿಗೆ ಹೋದಾಗ ಅಣ್ಣನನ್ನು ಕೇಳಿದೆ: ‘ತೋಟೆ ಎಲ್ಲಿಟ್ಟಿದ್ದೀಯ?’ ಅವನು ನಕ್ಕ. ‘ನಿನಗ್ಯಾಕೆ?’ ಎಂದ. ಮತ್ತೊಮ್ಮೆ ಕೇಳಿದೆ. ಬೀರುವಿನ ಕೆಳಗಿನ ಅರೆಯಲ್ಲಿ, ಅತ್ತಿಗೆಯ ಮಾತ್ರೆ ಡಬ್ಬಿಯ ಪಕ್ಕದಲ್ಲಿ, ಅಪ್ಪನ ಕಾಲದ ಹದಿನಾಲ್ಕು ಕಾಗದದ ತೋಟೆಗಳು ಮಳೆಗಾಲದ ತೇವಕ್ಕೆ ಊದಿಕೊಂಡು ಕೂತಿದ್ದವು. ಬೀರುವಿಗೆ ಬೀಗವಿರಲಿಲ್ಲ. ಅಣ್ಣನ ಮೊಮ್ಮಕ್ಕಳು ಅದೇ ಕೋಣೆಯಲ್ಲಿ ಆಡುತ್ತಿದ್ದರು.

‘ಇದು ಇಲ್ಲಿರುವುದು ನಿಮಗೆ ಗೊತ್ತಿತ್ತಾ ಅತ್ತಿಗೆ?’ ಎಂದೆ.

ಅತ್ತಿಗೆ ಬಾಯಿ ತೆರೆದಳು. ಏನು ಹೇಳಹೊರಟಿದ್ದಾಳೆ ಎಂದು ನನಗೆ ಗೊತ್ತಿತ್ತು. ಆದರೆ ಅವಳು ಅದನ್ನು ಹೇಳಲಿಲ್ಲ. ಮಕ್ಕಳನ್ನು ಆಚೆ ಕರೆದು, ಅಣ್ಣನ ಮುಂದೆ ಕೈ ಚಾಚಿ, ‘ನಾಳೆ ಬೆಳಿಗ್ಗೆ ಇದನ್ನು ಠಾಣೆಗೆ ಒಪ್ಪಿಸಿ ಬನ್ನಿ. ಬೀರುವಿಗೆ ಬೀಗ ಹಾಕಿಸಿ, ಒಂದು ಕೀಲಿ ನನ್ನ ಹತ್ತಿರ ಇರಲಿ’ ಎಂದಳು.